ನಾಲ್ಕು ಬೆರಳಿನ ಎತ್ತರ

ಮುಂಬಯಿ ಮಹಾನಗರದಲ್ಲಿ ಸಮತಟ್ಟಾದ ನೆಲವೆಂಬುದು ಒಂದು ಚಾಪೆಯಷ್ಟೂ ಇಲ್ಲ ಎಂಬ ಸತ್ಯವನ್ನು ಕಂಡುಹಿಡಿದವರು ನನ್ನ ಭಾವನವರು! ನಗುವವರು ನಗಲಿ. ನೀವು ನಿಂತ ನೆಲ ಸಮವಾಗಿದೆಯೆಂದು ನಿಮಗೆ ಹೇಳಿದವರಾದರೂ ಯಾರು? ಬಿಲ್ಡರ್ ಹೇಳಿರಬೇಕು. ಅವನ ಮಾತನ್ನು ನಂಬಿ ಜೀವಮಾನವಿಡೀ ಓರೆಯಾಗಿ ನಿಂತ ಕೋಟ್ಯಂತರ ಜನರ ನಡುವೆ, ಎಪ್ಪತ್ತು ದಾಟಿದ ಒಬ್ಬ ಮನುಷ್ಯ ವಡಾಲದ ತಮ್ಮ ಬಿಲ್ಡಿಂಗಿನ ಕಂಪೌಂಡಿನಲ್ಲಿ ಮೊಣಕಾಲೂರಿ, ನೆಲಕ್ಕೆ ಕೆನ್ನೆ ತಾಗಿಸಿ, ಒಂದು ಕಣ್ಣು ಮುಚ್ಚಿ, "ಎಂತ ಮೋಸ ಮಾರಾಯ! ಇಡೀ ಬಿಲ್ಡಿಂಗು ಗಟಾರಕ್ಕೆ ನಮಸ್ಕಾರ ಮಾಡ್ತಾ ಉಂಟು!" ಎಂದು ಕೂಗಿದರೆ, ಅಂಥವರನ್ನು ಹುಚ್ಚರೆನ್ನುವುದು ಬಹಳ ಸುಲಭ. ನಾನೂ ಅಂದಿದ್ದೇನೆ. ಅವರ ಎದುರೇ ಅಂದಿದ್ದೇನೆ.

ಭಾವನವರೆಂದರೆ ನನ್ನ ಅಕ್ಕನ ಗಂಡ. ಹೆಸರು ಬರೆಯುವುದಿಲ್ಲ. ಬರೆದರೆ, ಅಕ್ಷರಗಳ ನಡುವಿನ ಅಂತರ ಒಂದೇ ಸಮನಾಗಿ ಅಚ್ಚಾಗಿಲ್ಲವೆಂದು ಅಳತೆಪಟ್ಟಿ ಹಿಡಿದು ಪತ್ರಿಕೆಯ ಕಚೇರಿಗೇ ಹೋದಾರು! ನಮ್ಮ ಉಡುಪಿಯ ಕಡೆಯ ರೂಢಿಯಲ್ಲಿ ನನಗೆ ಅವರು ಭಾವ, ಅವರಿಗೆ ನಾನೂ ಭಾವ. ದಾದರ್ ಸ್ಟೇಷನ್ನಿನ ಜನಜಂಗುಳಿಯಲ್ಲಿ ಯಾರಾದರೂ "ಭಾವಾ" ಎಂದು ಕೂಗಿದರೆ ನಾವಿಬ್ಬರೂ ತಿರುಗುತ್ತೇವೆ. ಅದನ್ನೇ "ಭಾವೂ", ಅಂದರೆ ಅಣ್ಣಾ, ಎಂದು ಕೇಳಿಸಿಕೊಂಡ ಮರಾಠಿಗರು ಒಂದಿಪ್ಪತ್ತು ಮಂದಿ ನಮ್ಮೊಡನೆ ತಿರುಗುತ್ತಾರೆ.

ಭಾವನವರು ವಿಕ್ರೋಳಿಯ ಒಂದು ಕಾರ್ಖಾನೆಯಲ್ಲಿ ನಿವೃತ್ತಿಯವರೆಗೂ ಮಾಡಿದ ಕೆಲಸ ಒಂದೇ: ತಯಾರಾದ ಬಿಡಿಭಾಗಗಳನ್ನು ಅಳೆದು "ಪಾಸ್" ಅಥವಾ "ರಿಜೆಕ್ಟ್" ಎನ್ನುವುದು. ಕಾರ್ಖಾನೆ ಅವರನ್ನು ಬಿಟ್ಟಿತೇ ಹೊರತು ಅವರು ಆ ಕೆಲಸವನ್ನು ಬಿಡಲಿಲ್ಲ. ಕೂದಲೆಳೆಯ ದಪ್ಪವನ್ನೂ ಹೇಳಬಲ್ಲ ವರ್ನಿಯರ್ ಎಂಬ ಉಕ್ಕಿನ ಅಳತೆಗೋಲು ಸದಾ ಅವರ ಅಂಗಿಯ ಕಿಸೆಯಲ್ಲಿ, ಪೆನ್ನಿರಬೇಕಾದ ಜಾಗದಲ್ಲಿ ಇರುತ್ತದೆ. ಒಮ್ಮೆ ನನ್ನ ಹೋಟೆಲಿಗೆ ಬಂದವರು ಉದ್ದಿನವಡೆಯನ್ನು ಅದರ ದವಡೆಗೆ ಸಿಕ್ಕಿಸಿ, ನಾಲ್ಕೂ ಕಡೆಯಿಂದ ಅಳೆದು, "ಭಟ್ರೇ, ತೂತು ಮಧ್ಯದಲ್ಲಿ ಇಲ್ಲ. ರಿಜೆಕ್ಟ್!" ಎಂದರು. ಬಾಣಲೆಯ ಮುಂದೆ ಬೆವರುತ್ತಿದ್ದ ಭಟ್ಟರು ಜಾಲರಿ ಸೌಟನ್ನು ಎತ್ತಿಕೊಂಡೇ ಹೊರಗೆ ಬಂದರು: "ಮಧ್ಯದಲ್ಲೇ ತೂತು ಬೇಕಾದ್ರೆ ಎದುರಿನ ಹಾರ್ಡ್‌ವೇರ್ ಅಂಗಡಿಗೆ ಹೋಗಿ ವಾಷರ್ ತಿನ್ನಿ! ಚಟ್ನಿ ನಾನು ಕಳಿಸ್ತೇನೆ!"

ಇಂಥವರ ಕೈಗೆ ಒಂದು ಹಳೆಯ ಸ್ಪೋರ್ಟ್ಸ್ ಕಾರು ಸಿಕ್ಕರೆ ಏನಾದೀತು? ಸಿಕ್ಕಿತು! ಎರಡೇ ಸೀಟು, ತಲೆಯ ಮೇಲೆ ಬಟ್ಟೆಯ ಮಾಡು, ಮೂಗು ಮುಂದೆ, ನೆಲಕ್ಕೆ ಅಂಟಿಕೊಂಡ ಕೆಂಪು ಬಣ್ಣದ ವಿಲಾಯತಿ ವಾಹನ. ಅದನ್ನು ಮಾರಿದ ದಲ್ಲಾಳಿ, ಒಂದು ಕಾಲದ ಪ್ರಸಿದ್ಧ ಹೀರೋ ಒಬ್ಬರು ಇದನ್ನು ಓಡಿಸುತ್ತಿದ್ದರೆಂದು ಆಣೆ ಹಾಕಿ ಹೇಳಿದ. ಭಾವನವರು ನಂಬಿದರು. ನಾನು ನಂಬಲಿಲ್ಲ. ಈ ಊರಿನ ಯಾವ ಹಳೆಯ ಕಾರನ್ನು ಹೀರೋ ಓಡಿಸಿಲ್ಲ, ಹೇಳಿ? ದಲ್ಲಾಳಿಗಳ ಮಾತೆಲ್ಲ ನಿಜವಾದರೆ ಆ ಪಾಪದ ಹೀರೋಗಳಿಗೆ ಸಿನೆಮಾದಲ್ಲಿ ನಟಿಸಲು ಬಿಡುವೆಲ್ಲಿತ್ತು? ರಾತ್ರಿಶಾಲೆಯನ್ನೂ ಅರ್ಧಕ್ಕೆ ಬಿಟ್ಟು, ಫುಟ್‌ಪಾತಿನ ಹಳೆಯ ಪುಸ್ತಕಗಳಿಂದ ನಾನು ಸಂಪಾದಿಸಿದ ವಿದ್ಯೆ ಇಷ್ಟೇ: ಯಾರಾದರೂ ಏನಾದರೂ ಹೇಳಿದರೆ, ಹೇಳಿದವರಿಗೆ ಹೇಗೆ ಗೊತ್ತಾಯಿತೆಂದು ಮೊದಲು ಕೇಳಬೇಕು. ಈ ಪ್ರಶ್ನೆಯಿಂದ ನಾನು ಕಳೆದುಕೊಂಡ ಸ್ನೇಹಿತರ ಸಂಖ್ಯೆ ಸಣ್ಣದಲ್ಲ.

ಆ ಕಾರಿನ ಎತ್ತರವನ್ನು ಹೆಚ್ಚುಕಡಿಮೆ ಮಾಡಲು ಬರುತ್ತದೆ. ಪ್ರತಿ ಚಕ್ರದ ಒಳಗಡೆ ಒಂದು ಸ್ಪ್ರಿಂಗು. ಆ ಸ್ಪ್ರಿಂಗಿನ ಬುಡದಲ್ಲಿ ತಿರುಪಿನ ಎಳೆಗಳ ಮೇಲೆ ಕೂತ ಒಂದು ಉಕ್ಕಿನ ಬಳೆ. ಬಳೆಯನ್ನು ಒಂದು ಕಡೆಗೆ ತಿರುಗಿಸಿದರೆ ಕಾರು ಏಳುತ್ತದೆ, ಇನ್ನೊಂದು ಕಡೆಗೆ ತಿರುಗಿಸಿದರೆ ಕೂರುತ್ತದೆ. ಮನೆಯಲ್ಲಿ ಅದಕ್ಕೆ ಬಳೆ ಎಂದೇ ಹೆಸರು. "ನನಗೆ ಬಳೆ ತನ್ನಿ ಅಂತ ವರ್ಷಗಟ್ಟಲೆ ಹೇಳಿದೆ. ಕಡೆಗೆ ಕಾರಿಗೆ ತೊಡಿಸಿ ಕೂತರು!" ಎಂದು ಅಕ್ಕ ಬಂದವರಿಗೆಲ್ಲ ಹೇಳುತ್ತಿದ್ದಳು. ಭಾವನವರು ಮಾತ್ರ ಕಾರು ತಯಾರಿಸಿದವರ ಕೈಪಿಡಿಯಲ್ಲಿ ಹೇಳಿದ ಎತ್ತರಕ್ಕೆ ನಾಲ್ಕೂ ಬಳೆಗಳನ್ನು ತಂದು ನಿಲ್ಲಿಸಿ, ಅಲ್ಲಿಂದ ಕದಲಿಸುವುದೇ ಇಲ್ಲವೆಂದು ಕೂತರು. ಆ ಪುಸ್ತಕವನ್ನು ಅವರು ಕೈತೊಳೆಯದೆ ಮುಟ್ಟುತ್ತಿರಲಿಲ್ಲ!

ಆದರೆ ಪುಸ್ತಕ ಬರೆದವರಿಗೆ ಭಾವನವರ ಗೇಟಿನ ಮುಂದಿನ ಸ್ಪೀಡ್‌ಬ್ರೇಕರ್ ಗೊತ್ತಿರಲಿಲ್ಲ. ಒಂದು ದಿನ ಕಾರಿನ ಮುಂದಿನ ಚಕ್ರಗಳು ಅದನ್ನು ದಾಟಿದವು. ಹಿಂದಿನವು ದಾಟಲು ಒಪ್ಪಲಿಲ್ಲ. ಹೊಟ್ಟೆ ಉಬ್ಬಿನ ಮೇಲೆ ಕುಳಿತಿತು. ವಿಜಯಪುರದ ಕಡೆಯ ವಾಚ್‌ಮನ್ ಓಡಿ ಬಂದು ಸುತ್ತ ಒಂದು ಪ್ರದಕ್ಷಿಣೆ ಹಾಕಿದ. "ಸಾಹೇಬ್ರ, ಗಾಡಿ ಬೋರಲ ಮಕ್ಕೊಂಡೈತ್ರಿ! ಎಬ್ಬಸೂದೋ, ಇಲ್ಲಾ ಮ್ಯಾಲೊಂದು ಚಾದರ ಹೊದಸೂದೋ?" ಒಳಗೆ ಕೂತಿದ್ದ ಅಕ್ಕ ನಕ್ಕ ನಗೆಗೆ ಕಾರು ಅಲುಗಾಡಿ ತಾನಾಗಿ ಮುಂದೆ ಜಾರಿತೆಂದು ಅವನು ಈಗಲೂ ಹೇಳುತ್ತಾನೆ. ಅಷ್ಟನ್ನು ನಾನು ನಂಬುವುದಿಲ್ಲ.

ಹೌದು, ಅಕ್ಕ ಆ ಕಾರಿನಲ್ಲಿ ಕೂರುತ್ತಿದ್ದಳು. ಪ್ರತಿ ಭಾನುವಾರ ಬೆಳಿಗ್ಗೆ ಇಬ್ಬರೂ ಮಾಡು ಮಡಚಿ ವರಳಿಯ ಸಮುದ್ರದ ದಂಡೆಗೆ ಹೋಗಿಬರುತ್ತಿದ್ದರು. "ಕೂರುವುದು ಅಂತ ಅಲ್ಲ ತಮ್ಮ, ಬಾವಿಗೆ ಇಳಿಯುವುದು. ಹಗ್ಗ ಒಂದು ಇಲ್ಲ ಅಷ್ಟೆ" ಎನ್ನುತ್ತಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಇಳಿಯುತ್ತಿದ್ದಳು.

ಕಳೆದ ಮಳೆಗಾಲ ಅಕ್ಕ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದುಕೊಂಡಳು. ಆಪರೇಷನ್ ಆಯಿತು, ಹೊಸ ಕೀಲು ಬಂತು, ತಿಂಗಳುಗಟ್ಟಲೆ ಹಾಸಿಗೆಯಾಯಿತು. ತುಂಬಿದ ಮೈಯ ಹೆಂಗಸು ಎಷ್ಟು ಸೊರಗಿದಳೆಂದರೆ, ಉಟ್ಟ ಸೀರೆಗೆ ನೆರಿಗೆಗಳು ಹೆಚ್ಚಾದವು. ಕೋಲು ಹಿಡಿದು ನಡೆಯುವಂತಾದ ಮೇಲೆ ಡಾಕ್ಟರು, "ಇನ್ನು ಹೊರಗೆ ತಿರುಗಾಡಲಿ, ತಗ್ಗಿನ ಆಸನದಲ್ಲಿ ಮಾತ್ರ ಕೂರಬಾರದು" ಎಂದರು. ಅಕ್ಕ ತಗ್ಗಿನಲ್ಲೂ ಕೂರಲಿಲ್ಲ, ಹೊರಗೂ ಹೋಗಲಿಲ್ಲ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಹಾರ್ಬರ್ ಲೈನಿನ ಲೋಕಲ್‌ಗಳು ಹೋಗುವುದನ್ನು ನೋಡುತ್ತಿದ್ದಳು. ನಗುವುದೂ ಕಡಿಮೆಯಾಯಿತು. ಟ್ಯಾಕ್ಸಿ ತರಿಸುತ್ತೇನೆಂದರೆ, "ಟ್ಯಾಕ್ಸಿಯಲ್ಲಿ ಹೋಗುವುದು ಆಸ್ಪತ್ರೆಗೆ" ಎನ್ನುತ್ತಿದ್ದಳು. ನನ್ನ ಮಗನ ದೊಡ್ಡ ಕಾರು ತರುತ್ತೇನೆಂದರೆ, "ಅದರಲ್ಲಿ ಏಸಿ ಹಾಕಿ ಕೂತರೆ ಗಾಳಿ ಎಲ್ಲಿಂದ ಬರ್ತದೆ?" ಎನ್ನುತ್ತಿದ್ದಳು. ಹಾಗಾದರೆ ಏನು ಮಾಡೋಣ ಎಂದು ನಾನು ಸ್ವಲ್ಪ ದನಿಯೇರಿಸಿದ ದಿನ, ಕಿಟಕಿಯಿಂದ ಕೆಳಗೆ ನಿಂತ ಕೆಂಪು ಕಾರನ್ನು ನೋಡುತ್ತಾ, "ಆ ಬಾವಿ ಒಂದು ನಾಲ್ಕು ಬೆರಳು ಮೇಲೆ ಬಂದರೆ ನಾನು ಬರ್ತೇನೆ" ಎಂದಳು.

ಯಾರಾದರೂ ಇದನ್ನು ಮಾತಿಗೆ ಹೇಳಿದ್ದೆಂದು ಬಿಟ್ಟುಬಿಡುತ್ತಿದ್ದರು. ಭಾವನವರು ಕಿಸೆಯಿಂದ ವರ್ನಿಯರ್ ತೆಗೆದರು!

"ಕೈ ಕೊಡು."

"ಎಂತಕ್ಕೆ?"

"ಬೆರಳು ಅಳೀಬೇಕು."

"ನೋಡು ತಮ್ಮ! ಮದುವೆಯಲ್ಲಿ ಕೈ ಹಿಡಿದವರು ಈಗ ಅಳತೆ ತೆಗೀಲಿಕ್ಕೆ ಬಂದರು. ಇನ್ನು ರಿಜೆಕ್ಟ್ ಮಾಡಿ ಊರಿಗೆ ಕಳಿಸ್ತಾರೋ ಏನೋ!"

ನಾನು ನಡುವೆ ಬಾಯಿ ಹಾಕಿದೆ. "ಭಾವ, ನಾಲ್ಕು ಬೆರಳು ಅಂದ್ರೆ ಸುಮಾರು ಅಂತ ಅರ್ಥ. ಅದು ಒಂದು ಮಾತು."

"ಸುಮಾರು ಅಂತ ಯಾವ ಸ್ಕೇಲಿನಲ್ಲಿ ಬರ್ದದ್ದು ಉಂಟು, ತೋರಿಸು ನೋಡುವ."

"ಹಾಗಾದ್ರೆ ನನ್ನ ಬೆರಳು ಅಳೀರಿ. ದಪ್ಪ ಉಂಟು. ಕಾರು ಇನ್ನೂ ಎತ್ತರ ಆಗ್ತದೆ."

"ಹೇಳಿದ್ದು ಅವಳು. ಅವಳ ಬೆರಳೇ ಬೆರಳು." ಅಲ್ಲಿಗೆ ಅಳತೆಶಾಸ್ತ್ರದ ಒಂದು ದೊಡ್ಡ ವಿವಾದ ಇತ್ಯರ್ಥವಾಯಿತು.

ಬೆರಳಿನ ಅಳತೆ ಸಿಕ್ಕಿತೇನೋ ಸರಿ, ಪುಸ್ತಕ ಒಪ್ಪಬೇಕಲ್ಲ! ಪುಸ್ತಕ ಹೇಳಿದ ಎತ್ತರಕ್ಕಿಂತ ನಾಲ್ಕು ಬೆರಳು ಮೇಲೆ ಹೋಗುವುದೆಂದರೆ ಭಾವನವರ ಮಟ್ಟಿಗೆ ಕುಲಗೆಟ್ಟಂತೆ. ಒಂದು ವಾರ ಅವರು ಸರಿಯಾಗಿ ಊಟ ಮಾಡಲಿಲ್ಲ. ಪುಸ್ತಕವನ್ನು ತೆರೆಯುವರು, ಮುಚ್ಚುವರು, ಕಿಟಕಿಯ ಬಳಿಯ ಕುರ್ಚಿಯ ಕಡೆ ನೋಡುವರು, ಮತ್ತೆ ತೆರೆಯುವರು. ನಾನು ಎತ್ತರದ ಆ ಪುಟವನ್ನು ಅವರಿಂದ ಓದಿಸಿಕೊಂಡೆ. ಕಾರು ಸಮತಟ್ಟಾದ ನೆಲದ ಮೇಲಿರಬೇಕು; ಚಕ್ರಗಳಲ್ಲಿ ಹೇಳಿದಷ್ಟು ಗಾಳಿ, ಟ್ಯಾಂಕಿನ ತುಂಬ ಪೆಟ್ರೋಲು; ಚಾಲಕನ ಸೀಟಿನಲ್ಲಿ ಒಬ್ಬ ಮನುಷ್ಯನ ಭಾರ; ಆಮೇಲೆ ಚಕ್ರದ ಮೇಲಿನ ಮಡ್‌ಗಾರ್ಡಿನ ಅಂಚು ನೆಲದಿಂದ ಎಷ್ಟು ಎತ್ತರದಲ್ಲಿದೆಯೆಂದು ನೋಡಬೇಕು. ಓದಿ ಮುಗಿದೊಡನೆ ನನಗೆ ಪುಸ್ತಕದ ಹುಳುಕು ತಿಳಿಯಿತು!

"ಭಾವ, ಇದನ್ನು ಬರೆದವನಿಗೆ ಮದುವೆ ಆಗಿರಲಿಲ್ಲ!"

"ಅದು ಪುಸ್ತಕದಲ್ಲಿ ಎಲ್ಲಿ ಉಂಟು?"

"ಎರಡು ಸೀಟು ಇಟ್ಟು ಒಂದೇ ಸೀಟಿಗೆ ಭಾರ ಹಾಕಿದ್ದಾನೆ. ಪಕ್ಕದ ಸೀಟು ಖಾಲಿ! ಹೆಂಡತಿ ಇದ್ದವ ಹಾಗೆ ಬರೀತಾನಾ? ಯಾವನೋ ಬ್ರಹ್ಮಚಾರಿ, ಗುಂಡಿ ಇಲ್ಲದ ರಸ್ತೆಯಲ್ಲಿ ಒಬ್ಬನೇ ಹೋಗ್ತಾ ಇದ್ದವ, ಅವನಿಗೆ ಸರಿ ಕಂಡ ಎತ್ತರ ಬರೆದಿಟ್ಟ. ಅದು ನಿಮಗೆ ಹೇಗೆ ಸರಿ ಆಗ್ತದೆ?"

ಭಾವನವರು ಪುಸ್ತಕವನ್ನು ಮುಚ್ಚಿ ಕಪಾಟಿನ ಮೇಲಿನ ಅರೆಯಲ್ಲಿಟ್ಟು, "ಪಾಪ, ಒಬ್ಬನೇ ಇದ್ದ ಅಂತ ಕಾಣ್ತದೆ" ಎಂದರು. ನನ್ನ ಜೀವಮಾನದಲ್ಲಿ ನಾನು ವಾದದಲ್ಲಿ ಗೆದ್ದ ಏಕೈಕ ಸಂದರ್ಭ ಇದು!

ಇನ್ನು ಶುರುವಾಯಿತು ನೋಡಿ ಸಮತಟ್ಟಾದ ನೆಲದ ಅನ್ವೇಷಣೆ! ನೆಲ ಓರೆಯಾದರೆ ಅಳತೆಯೇ ಸುಳ್ಳು. ಗಾರೆಯವರು ಬಳಸುವಂಥ ಉದ್ದನೆಯ ಪಾರದರ್ಶಕ ಪೈಪನ್ನು ವಾಚ್‌ಮನ್ ಎಲ್ಲಿಂದಲೋ ಸಂಪಾದಿಸಿಕೊಟ್ಟ. ಅದರೊಳಗೆ ನೀರು ತುಂಬಿ ಒಂದು ತುದಿಯನ್ನು ನಾನು, ಇನ್ನೊಂದನ್ನು ಭಾವನವರು ಹಿಡಿದು ನಿಂತರೆ, ಎರಡು ತುದಿಗಳಲ್ಲೂ ನೀರು ಒಂದೇ ಮಟ್ಟಕ್ಕೆ ಬಂದು ನಿಲ್ಲುತ್ತದೆ. ನೆಲ ಎಲ್ಲಿ ತಗ್ಗು, ಎಲ್ಲಿ ಎತ್ತರವೆಂದು ಅದರಿಂದ ತಿಳಿಯುತ್ತದೆ. ಹೀಗೆ ಇಬ್ಬರು ಮುದುಕರು ಪೈಪು ಹಿಡಿದು, ಟೇಪು ಎಳೆದು, ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾ ಕಂಪೌಂಡಿನ ಉದ್ದಗಲಕ್ಕೂ ತಿರುಗಿದರೆ ಮುಂಬಯಿಯ ಜನ ಏನೆಂದುಕೊಳ್ಳಬೇಕು? ಹಳೆಯ ಬಿಲ್ಡಿಂಗು ಕೆಡವಿ ಹೊಸ ಗೋಪುರ ಕಟ್ಟಿ ಎಲ್ಲರಿಗೂ ದೊಡ್ಡ ಮನೆ ಕೊಡುವ ಆ ಮಹಾಯೋಗ, ರೀಡೆವಲಪ್‌ಮೆಂಟ್, ಕೊನೆಗೂ ಬಂತೆಂದುಕೊಂಡರು!

ಮೊದಲು ಎರಡನೆಯ ಮಹಡಿಯ ಕಿಟಕಿ ತೆರೆಯಿತು. ಆಮೇಲೆ ಎಲ್ಲ ಮಹಡಿಗಳದೂ ತೆರೆದವು. ಲಿಫ್ಟಿಗೂ ಕಾಯದೆ ಜನ ಮೆಟ್ಟಿಲಿಳಿದು ಬಂದರು. ಸೊಸೈಟಿಯ ಸೆಕ್ರೆಟರಿಯವರು ಅರ್ಧ ಗಡ್ಡ ಬೋಳಿಸಿ ಇನ್ನರ್ಧದಲ್ಲಿ ಸಾಬೂನಿನ ನೊರೆ ಹೊತ್ತು ಓಡಿ ಬಂದು, ಭಾವನವರ ತೋಳು ಹಿಡಿದು, ಉಸಿರು ಬಿಗಿಹಿಡಿದು, "ಕಾಕಾ, ಸಚ್ ಬೋಲೋ, ಕಿತನಾ ಜಾಸ್ತಿ ಮಿಲೇಗಾ?" ಎಂದು ಕೇಳಿದರು. ಮನೆಗೆ ಎಷ್ಟು ಜಾಗ ಹೆಚ್ಚು ಸಿಗುತ್ತದೆಂದು!

ಪೈಪಿನ ನೀರಿನಿಂದ ಕಣ್ಣು ಕೀಳದೆ ಭಾವನವರು ಉತ್ತರಿಸಿದರು: "ಚಾರ್ ಉಂಗಲಿ."

ನಾಲ್ಕು ಬೆರಳು! ಯಾರೋ ಒಬ್ಬರು, ಇಂಥ ಬಿಲ್ಡರನಿಗೆ ಸಹಿ ಹಾಕಲೇಬಾರದೆಂದು ಕೂಗಿದರು. ಮೂರನೆಯ ಮಹಡಿಯ ಅಜ್ಜಿಯೊಬ್ಬರು, ನಾಲ್ಕು ಬೆರಳು ಯಾವ ಕಡೆಗೆ, ಅಡುಗೆಮನೆಗೋ ಹಾಲಿಗೋ ಎಂದು ವಿಚಾರಿಸಿದರು. ವಿಷಯ ಕಾರಿನದ್ದೆಂದು ತಿಳಿದ ಮೇಲೆ ಸೆಕ್ರೆಟರಿಯವರ ಮುಖದ ನೊರೆಯೂ ಇಳಿದುಹೋಯಿತು. ಆದರೆ ಮುಂಬಯಿಯ ಜನರ ಒಂದು ಗುಣವನ್ನು ಹೇಳಲೇಬೇಕು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತ ಅಕ್ಕನಿಗಾಗಿ ಇದೆಲ್ಲ ಎಂದು ವಾಚ್‌ಮನ್ ಹೇಳಿದ್ದೇ ತಡ, ಬಂದವರಲ್ಲಿ ಒಬ್ಬರೂ ವಾಪಸು ಹೋಗಲಿಲ್ಲ! ಪೈಪು ಹಿಡಿಯಲು ಒಬ್ಬರು, ಟೇಪು ಹಿಡಿಯಲು ಒಬ್ಬರು, ಸಲಹೆ ಕೊಡಲು ಉಳಿದವರೆಲ್ಲ.

ಸಮತಟ್ಟಾದ ನೆಲ ಮಾತ್ರ ಸಿಗಲಿಲ್ಲ. ಕೊನೆಗೆ ನೆಲ ತಗ್ಗಾದ ಕಡೆ ಚಕ್ರದ ಕೆಳಗೆ ಟೈಲ್ಸ್ ಪೇರಿಸಿ ನಾಲ್ಕು ಚಕ್ರಗಳನ್ನೂ ಒಂದೇ ಮಟ್ಟಕ್ಕೆ ತರುವುದೆಂದು ತೀರ್ಮಾನವಾಯಿತು. ಭಾವನವರು ಅಟ್ಟದಿಂದ ಟೈಲ್ಸ್ ಇಳಿಸಿ ತಂದರು. ಅಕ್ಕ ಜಾರಿ ಬಿದ್ದ ಬಚ್ಚಲಿಗೆ ಹಿಂದೊಮ್ಮೆ ಹಾಕಿಸಿ ಮಿಕ್ಕಿದ್ದ, ಅದೇ ನುಣುಪಿನ ಜಾತಿ. ಒಂದೊಂದನ್ನೂ ಚಕ್ರದ ಕೆಳಗೆ ತಳ್ಳುವಾಗ ಅವರ ಮುಖದಲ್ಲಿದ್ದ ತೃಪ್ತಿಯನ್ನು ನೋಡಬೇಕಿತ್ತು! "ಬೀಳಿಸ್ತೀಯಾ? ಬೀಳಿಸು ಈಗ!" ಎಂದು ಅವರು ಮೆಲ್ಲಗೆ ಟೈಲ್ಸಿಗೆ ಹೇಳಿದ್ದನ್ನು ನಾನು ನನ್ನ ಕಿವಿಯಾರೆ ಕೇಳಿದ್ದೇನೆ.

ಆಮೇಲೆ ಭಾರದ ಪ್ರಶ್ನೆ. ನನ್ನ ಹೋಟೆಲಿನಿಂದ ಅಕ್ಕಿ ಬಂತು. ಭಾವನವರು ಮೂಲೆಯ ರದ್ದಿ ಅಂಗಡಿಗೆ ಹೋಗಿ, ಹಳೆಯ ಪೇಪರು ತೂಗುವ ಕಾಂಟಾದ ಮೇಲೆ ತಾವೇ ಹತ್ತಿ ನಿಂತರು. ರದ್ದಿಯವ ಅವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಇಂಗ್ಲಿಷ್ ಪೇಪರಿನ ದರ ಬೇಕೋ ಮರಾಠಿ ಪೇಪರಿನ ದರ ಬೇಕೋ ಎಂದು ಕೇಳಿದ! ಅವರ ತೂಕದಷ್ಟು ಅಕ್ಕಿಯ ಒಂದು ಮೂಟೆ ಚಾಲಕನ ಸೀಟನ್ನೇರಿತು. ಸೀಟ್‌ಬೆಲ್ಟ್ ಕಟ್ಟಿಸಿಕೊಂಡು, ಎದುರಿಗೇ ದೃಷ್ಟಿಯಿಟ್ಟು, ಭಾವನವರಿಗಿಂತ ಗಂಭೀರವಾಗಿ ಕೂತಿತು. ಪಕ್ಕದ ಸೀಟಿಗೆ ಅಕ್ಕನ ಪಾಲಿನ ಮೂಟೆ. ಅದನ್ನು ತುಂಬಿಸುವಾಗ ಮಾತ್ರ ಭಾವನವರು ನನ್ನನ್ನು ಹತ್ತಿರ ಬಿಡಲಿಲ್ಲ. ಎಷ್ಟು ಕಿಲೋ ಎಂದು ಕೇಳಿದರೆ, "ಹೆಂಗಸರ ತೂಕ ಊರಿಗೆಲ್ಲ ಡಂಗುರ ಹೊಡೀಲಿಕ್ಕಿಲ್ಲ" ಎಂದು ನನ್ನನ್ನೇ ಗದರಿದರು. ನಾನು ಅಕ್ಕನ ಒಡಹುಟ್ಟಿದವನೆಂಬುದನ್ನು ಮರೆತವರಂತೆ!

ಜಾಕ್ ಏರಿಸಿ, ಚಕ್ರ ಬಿಚ್ಚಿ, ಕೊಕ್ಕೆಯಂಥ ಪಾನಾದಿಂದ ಬಳೆ ತಿರುಗಿಸಲು ಭಾವನವರು ಕಾರಿನ ಪಕ್ಕ ಚಾಪೆ ಹಾಸಿ ಮಲಗಿದರು. ಇದೊಂದು ವಿಚಿತ್ರ ವಿದ್ಯೆ. ಕಾಲು ಸಮವಿಲ್ಲದ ಹೋಟೆಲ್ ಮೇಜನ್ನು ನೀವು ನೋಡಿರಬಹುದು. ಒಂದು ಕಾಲಿನ ಕೆಳಗೆ ಕಾಗದ ಮಡಚಿಟ್ಟರೆ ಇನ್ನೊಂದು ಮೂಲೆ ಕುಣಿಯುತ್ತದೆ. ಕಾರೂ ಹಾಗೆಯೇ. ಮುಂದಿನ ಎಡಗಡೆಯನ್ನು ಏರಿಸಿದರೆ ಹಿಂದಿನ ಬಲಗಡೆ ಮುನಿಸಿಕೊಂಡು ಕೂರುತ್ತದೆ! ಅದನ್ನು ಸಮಾಧಾನಪಡಿಸಿದರೆ ಮೂರನೆಯದು ಏಳುತ್ತದೆ. ಒಂದು ಕೂಡುಕುಟುಂಬವನ್ನು ನಡೆಸಿದಷ್ಟೇ ತಾಳ್ಮೆ ಬೇಕು. ಇನ್ನೊಂದು ಸಂಗತಿ: ಬಳೆ ತಿರುಗಿಸಿದೊಡನೆ ಕಾರು ನಿಜವಾದ ಎತ್ತರಕ್ಕೆ ಬರುವುದಿಲ್ಲ. ಚಕ್ರ ಜೋಡಿಸಿ, ನೆಲಕ್ಕಿಳಿಸಿ, ಒತ್ತಿ ಒತ್ತಿ ಕುಣಿಸಿ, ಸ್ಪ್ರಿಂಗಿನ ಬಿಗಿ ಬಿಡಿಸಬೇಕು. ಆದ್ದರಿಂದ ಪ್ರತಿ ಸಲವೂ ಸೆಕ್ರೆಟರಿಯವರು ಮುಂದೆ, ನಾನು ಹಿಂದೆ, ಅಕ್ಕಪಕ್ಕದಲ್ಲಿ ಮಿಕ್ಕವರು ನಿಂತು "ಏಕ್, ದೋನ್, ತೀನ್" ಎಂದು ಕಾರನ್ನು ಒತ್ತುತ್ತಿದ್ದೆವು. ಒಳಗೆ ಎರಡು ಅಕ್ಕಿಮೂಟೆಗಳು ಪಕ್ಕಪಕ್ಕದಲ್ಲಿ ಕೂತು ಎದ್ದೆದ್ದು ಬೀಳುತ್ತಿದ್ದವು. ವಾಚ್‌ಮನ್ ಹಣೆ ಚಚ್ಚಿಕೊಂಡ: "ಅಲ್ರೀ ಸಾಹೇಬ್ರ, ಗಾಡಿಗೆ ದೆವ್ವ ಬಡದೈತೋ, ನಿಮಗ ಬಡದೈತೋ? ಒಟ್ಟಿನ್ಯಾಗ ಯಾರಿಗೋ ಬಡದೈತಿ ಬಿಡ್ರಿ!"

ಮೂರು ಬೆರಳಿನಷ್ಟು ಏರಿದ ಮೇಲೆ ತಿರುಪಿನ ಎಳೆಗಳೇ ಮುಗಿದವು. ಬಳೆ ಇನ್ನು ಮೇಲೆ ಹೋಗದು! ಎಲ್ಲರ ಮುಖ ಬಾಡಿತು. ಆಗ ಮೂರನೆಯ ಮಹಡಿಯ ಅದೇ ಅಜ್ಜಿ ತಮ್ಮ ಹಳೆಯ ನಾರುಮಡಿ ಸೀರೆಗಳನ್ನು ಪದರ ಪದರವಾಗಿ ಹೊಲಿದ ಗೋಧಡಿಯೊಂದನ್ನು ತಂದು ಸೀಟಿನ ಮೇಲೆ ಮಡಚಿ ಹಾಸಿದರು. ಭಾವನವರು ವರ್ನಿಯರ್ ಹಿಡಿದು ನೋಡಿದರೆ, ಒಂದು ಬೆರಳಿಗಿಂತ ತುಸು ಹೆಚ್ಚೇ! "ಕೂತ ಮೇಲೆ ಒತ್ತಿ ಸರಿಯಾಗ್ತದೆ. ಪಾಸ್!" ಎಂದು ಅವರು ಸಾರಿದಾಗ ಕಂಪೌಂಡಿನಲ್ಲಿ ಎದ್ದ ಚಪ್ಪಾಳೆಯನ್ನು ನಾನು ಗಣೇಶೋತ್ಸವದ ದಿನವೂ ಕೇಳಿರಲಿಲ್ಲ.

ಕಾರು ಪೂರ್ತಿಯಾಗಿ ನೆಲೆಗೊಳ್ಳಲು ಇನ್ನೊಂದಿಷ್ಟು ಓಡಬೇಕೆಂದು, ಅಕ್ಕಿಮೂಟೆಯನ್ನು ಎಡಗಡೆ ಕೂರಿಸಿಕೊಂಡೇ ಭಾವನವರು ಹೊರಟರು. ಎಲ್ಲರೂ ಗುಂಡಿ ತಪ್ಪಿಸಿ ಓಡಿಸುವ ಈ ಊರಿನಲ್ಲಿ ಗುಂಡಿಗಳನ್ನು ಹುಡುಕಿಕೊಂಡು ಹೋಗಿ ಇಳಿಸಿದ ಚಾಲಕ ಅವರೊಬ್ಬರೇ ಇರಬೇಕು! ಹಿಂತಿರುಗಿ ಬಂದಾಗ ಅವರ ಮುಖದಲ್ಲೊಂದು ಬೇಸರವಿತ್ತು. "ಎಂತ ಆಯಿತು ಭಾವ?" ಎಂದೆ. "ಪೋರ್ಟಿನ ಕಡೆಯ ರಸ್ತೆಗೆ ಮೊನ್ನೆ ಡಾಮರು ಹಾಕಿದ್ದಾರೆ ಮಾರಾಯ. ಬೇಕಾದಾಗ ಒಂದು ಒಳ್ಳೆಯ ಗುಂಡಿ ಸಿಗುವುದಿಲ್ಲ" ಎಂದರು.

ಭಾನುವಾರ ಬೆಳಿಗ್ಗೆ. ಇಡೀ ಬಿಲ್ಡಿಂಗು ಕೆಳಗೆ! ಸೆಕ್ರೆಟರಿಯವರ ಮುಖ ಎರಡೂ ಬದಿ ಬೋಳಿಸಿತ್ತು. ಲಿಫ್ಟಿನ ಬಾಗಿಲು ತೆರೆದು ಅಕ್ಕ ಹೊರಗೆ ಬಂದಳು. ಕೈಯಲ್ಲಿ ಕೋಲು, ಮೈಮೇಲೆ ಹಸಿರು ಅಂಚಿನ ಸೀರೆ, ತಲೆಗೆ ಅಬ್ಬಲಿಗೆ ಹೂ. ಕಾರಿನ ಬಳಿ ಬಂದು ಕೋಲನ್ನು ನನ್ನ ಕೈಗಿತ್ತು, ಬಾಗಿಲಿನ ಅಂಚು ಹಿಡಿದು, ಬೆನ್ನು ಮಾಡಿ ನಿಂತು, ಒಂದು ಕ್ಷಣ ಕಣ್ಣು ಮುಚ್ಚಿದಳು. ಭಾವನವರ ಎರಡೂ ಕೈಗಳು ಗಾಳಿಯಲ್ಲಿ ಹಿಡಿಯಲು ಸಿದ್ಧವಾಗಿದ್ದವು. ಅಕ್ಕ ಕೂತಳು! ಇಳಿಯಲಿಲ್ಲ, ಬೀಳಲಿಲ್ಲ, ಮನೆಯ ಕುರ್ಚಿಯಲ್ಲಿ ಕೂರುವ ಹಾಗೆ ಕೂತಳು! ಒಂದೊಂದಾಗಿ ಕಾಲುಗಳನ್ನು ಒಳಗೆ ತೆಗೆದುಕೊಂಡು, ಸೆರಗು ಸರಿಪಡಿಸಿಕೊಂಡು, "ಇದು ಬಾವಿಯ ಕಟ್ಟೆ ಆಯಿತಲ್ಲ ತಮ್ಮ!" ಎಂದಳು. ತಿಂಗಳುಗಳ ಮೇಲೆ ಅವಳು ಬಾಯಿ ತುಂಬ ನಕ್ಕದ್ದು ಅಂದು.

ಭಾವನವರು ಚಾಲಕನ ಸೀಟಿನಲ್ಲಿ ಕೂತರು. ಆಗ ನನ್ನೊಳಗಿನ ಹಳೆಯ ರೋಗ ಕೆರಳಿತು. ಎಲ್ಲರೂ ಸರಿಯೆಂದರೆ ಸರಿಯೇ? ಅಕ್ಕಿಮೂಟೆಯನ್ನು ನಂಬಿ ಮಾಡಿದ ಅಳತೆ ಮನುಷ್ಯರು ಕೂತ ಮೇಲೂ ನಿಲ್ಲುತ್ತದೆಂದು ಹೇಳಿದವರು ಯಾರು? ಗುಂಡಿಗಳ ಪ್ರವಾಸ ಮುಗಿಸಿ ಬಂದ ಕಾರನ್ನು ಭಾವನವರು ಮತ್ತೆ ಟೈಲ್ಸಿನ ಮೇಲೆಯೇ ನಿಲ್ಲಿಸಿದ್ದರು. ನಾನು ಟೇಪು ತೆಗೆದುಕೊಂಡು ಬಲಗಡೆಯ ಮಡ್‌ಗಾರ್ಡ್ ಅಳೆದೆ. ಸರಿ. ಎಡಗಡೆಗೆ ಬಂದು ಅಳೆದೆ. ಮತ್ತೊಮ್ಮೆ ಅಳೆದೆ. ಒಂದು ಅಕ್ಕಿಕಾಳಿನ ಉದ್ದದಷ್ಟು ಹೆಚ್ಚು! ಅಕ್ಕ ಕೂತ ಬದಿ ಮೇಲೆ ನಿಂತಿತ್ತು!

"ಭಾವಾ! ಇಳಿರಿ, ಇಳಿರಿ!" ಎಂದು ಕೂಗಿದೆ. ನನ್ನ ಸಂಭ್ರಮವನ್ನು ಏನು ಹೇಳಲಿ! ವಿಕ್ರೋಳಿಯ ಕಾರ್ಖಾನೆಯನ್ನೇ ರಿಜೆಕ್ಟ್ ಮಾಡಿದಂತಿತ್ತು. ಭಾವನವರು ಇಳಿದು, ಸುತ್ತಿಕೊಂಡು ಬಂದು, ನನ್ನ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತರು. ಅವರ ಭಾರ ಇಳಿದ ಮೇಲಿನ ಅಳತೆ ಲೆಕ್ಕಕ್ಕಿಲ್ಲವೆಂದು ತಿಳಿದೂ ನಾನು ಟೇಪಿನ ಮೇಲೆ ಉಗುರಿಟ್ಟು ತೋರಿಸಿದೆ. "ನೀವು ಕೂತಿರುವಾಗಲೇ ನೋಡಿದ್ದು. ಎಡಗಡೆ ಎತ್ತರ ಉಂಟು. ಆ ಮೂಟೆ ತೂಗಿದ್ದರಲ್ಲಿ ನಿಮಗೆ ತಪ್ಪಾಗಿದೆ. ಅಕ್ಕ ಅಷ್ಟು ಭಾರ ಇಲ್ಲ!"

"ಗೊತ್ತುಂಟು" ಎಂದರು ಭಾವನವರು.

"ಗೊತ್ತಿದ್ದೂ ಹಾಗೆ ಮಾಡಿದ್ದಾ?"

ಅವರು ಒಮ್ಮೆ ಬಾಗಿಲಿನ ಕಡೆ ನೋಡಿ, ಅಕ್ಕನಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದರು. "ಆ ಮೂಟೆಯಲ್ಲಿ ಹಾಕಿದ್ದು ಅವಳ ಈಗಿನ ತೂಕ ಅಲ್ಲ ಭಾವ. ಬೀಳುವ ಮೊದಲಿಂದು."

ಟೇಪಿನ ಮೇಲಿಟ್ಟಿದ್ದ ಉಗುರನ್ನು ನಾನು ತೆಗೆದೆ.

"ತಿಂದು ಉಂಡು, ನಾಲ್ಕು ದಿನ ಹೊರಗೆ ಗಾಳಿಗೆ ಬಂದರೆ ಮೈ ತಿರುಗಿ ಬರ್ತದೆ ಮಾರಾಯ. ಬರಲೇಬೇಕಲ್ಲ. ಈಗಿನ ತೂಕಕ್ಕೆ ಸಮ ಮಾಡಿ ಇಟ್ಟರೆ, ಅವಳು ಇನ್ನು ಹೀಗೇ ಇರ್ತಾಳೆ ಅಂತ ನಾನೇ ಒಪ್ಪಿದ ಹಾಗೆ ಆಗ್ತದೆ." ಅವರು ಮಡ್‌ಗಾರ್ಡಿನ ಅಂಚಿನ ಮೇಲೆ ಹೆಬ್ಬೆರಳನ್ನು ಒಮ್ಮೆ ಸವರಿದರು. "ಅವಳು ಬಂದಾಗ ಇದು ಇಳೀತದೆ."

ಮೇಲಿನಿಂದ ಅಕ್ಕನ ತಲೆ ಹೊರಗೆ ಬಂತು. "ಎಂತ ಇಬ್ಬರೂ ನೆಲದಲ್ಲಿ ಗುಸುಗುಸು? ಸೂರ್ಯ ನೆತ್ತಿಗೆ ಬರ್ತಾನೆ. ಸಮ ಉಂಟಾ ಇಲ್ವಾ?"

ನಾನು ಟೇಪನ್ನು ಸುತ್ತಿ ಕಿಸೆಗೆ ಹಾಕಿಕೊಂಡೆ.

"ಸಮ ಉಂಟು ಅಕ್ಕ," ಎಂದೆ. "ಹೋಗಿ ಬನ್ನಿ."